ಒಂದು ಸಲಕ್ಕೆ ಒಂದೇ ತಟ್ಟೆ: ಪೆನಾಂಗಿನ ಬಾಣಲೆಯಲ್ಲಿ ಭೌತಶಾಸ್ತ್ರ

ನಮ್ಮ ಮದುವೆ ಮನೆಗಳಲ್ಲಿ ಒಂದೇ ಕೊಪ್ಪರಿಗೆಯಲ್ಲಿ ಐನೂರು ಜನರಿಗೆ ಬಿಸಿಬೇಳೆಭಾತು ತಯಾರಾಗುತ್ತದೆ. ರುಚಿಯೂ ಕೆಡುವುದಿಲ್ಲ. ಹೀಗಿರುವಾಗ ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ, ಜಾರ್ಜ್ ಟೌನ್ ಪಟ್ಟಣದ ಹಳೆಯ ಬೀದಿಯೊಂದರಲ್ಲಿ, ನೂಡಲ್ಸ್ ಹುರಿಯುವ ಅಡುಗೆಯವನು ಎದುರಿಗೆ ಇಪ್ಪತ್ತು ಜನ ಕಾದು ನಿಂತಿದ್ದರೂ ಒಂದು ಸಲಕ್ಕೆ ಒಂದು, ಹೆಚ್ಚೆಂದರೆ ಎರಡು ತಟ್ಟೆಗಾಗುವಷ್ಟನ್ನು ಮಾತ್ರ ಏಕೆ ಹುರಿಯುತ್ತಾನೆ? ಇಪ್ಪತ್ತು ತಟ್ಟೆಯದನ್ನು ಒಟ್ಟಿಗೆ ಹುರಿದು ಹಂಚಿಬಿಟ್ಟರೆ ಅವನ ಕೆಲಸವೂ ಹಗುರ, ಕಾಯುವವರಿಗೂ ಅನುಕೂಲ ಅಲ್ಲವೇ?

ಮೇಲುನೋಟಕ್ಕೆ ಇದು ವ್ಯಾಪಾರದ ಪ್ರಶ್ನೆ. ಉತ್ತರ ಮಾತ್ರ ನಿಮ್ಮ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪಠ್ಯಪುಸ್ತಕದಲ್ಲಿದೆ. ಆ ಉತ್ತರವನ್ನು ಹಿಡಿದು ಮುಂದೆ ಹೋದರೆ, ಇಂತಹ ಅಂಗಡಿಗಳು ಮುಂದಿನ ತಲೆಮಾರಿಗೆ ಉಳಿಯುವವೋ ಇಲ್ಲವೋ ಎಂಬ ಇನ್ನೊಂದು ಪ್ರಶ್ನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಅಡಿಕೆಯ ಹೆಸರಿನ ದ್ವೀಪ

ಮಲಯ ಭಾಷೆಯಲ್ಲಿ ಪಿನಾಂಗ್ ಎಂದರೆ ಅಡಿಕೆ. ಪುಲಾವ್ ಪಿನಾಂಗ್ ಎಂದರೆ ಅಡಿಕೆ ದ್ವೀಪ. ಇಂದಿಗೂ ಆ ರಾಜ್ಯದ ಧ್ವಜದ ಮೇಲೆ ಅಡಿಕೆ ಮರದ ಚಿತ್ರವಿದೆ. 1786ರಲ್ಲಿ ಫ್ರಾನ್ಸಿಸ್ ಲೈಟ್ ಎಂಬ ಆಂಗ್ಲ ವರ್ತಕ ಇಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೆಲೆಯನ್ನು ಸ್ಥಾಪಿಸಿದ. ಬಂದರು ಬೆಳೆದಂತೆಲ್ಲ ದಕ್ಷಿಣ ಚೀನಾದ ಫುಜಿಯಾನ್, ಗುವಾಂಗ್‌ಡಾಂಗ್ ಪ್ರಾಂತಗಳಿಂದ ಕೂಲಿಕಾರರು, ದೋಣಿಯವರು, ಸಣ್ಣ ವ್ಯಾಪಾರಿಗಳು ಬಂದು ನೆಲೆಸಿದರು. ತಮಿಳುನಾಡಿನ ಕರಾವಳಿಯಿಂದ ಹೋದ ಮುಸ್ಲಿಂ ವರ್ತಕರೂ ಇಲ್ಲಿ ನೆಲೆನಿಂತರು. ಈ ಎಲ್ಲರ ಬದುಕಿನ ಗುರುತುಗಳು ಒಂದರ ಪಕ್ಕದಲ್ಲಿ ಒಂದು ಉಳಿದುಕೊಂಡಿರುವ ಕಾರಣದಿಂದಲೇ ಜಾರ್ಜ್ ಟೌನ್ 2008ರಲ್ಲಿ, ಮಲಾಕಾ ಪಟ್ಟಣದ ಜೊತೆಗೆ, ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಚೀನೀ ವಲಸೆಗಾರರು ತಂದ ತಿನಿಸುಗಳಲ್ಲಿ ಒಂದು ಚಾರ್ ಕ್ವೇ ಟಿಯಾವ್. ಚಾರ್ ಎಂದರೆ ಹುರಿದದ್ದು. ಕ್ವೇ ಟಿಯಾವ್ ಎಂದರೆ ಅಕ್ಕಿ ಹಿಟ್ಟಿನ ಕಡುಬನ್ನು ಪಟ್ಟಿಯಾಗಿ ಕತ್ತರಿಸಿದ್ದು. ಅಕ್ಕಿಯ ಅಗಲ ನೂಡಲ್ಸ್, ಸಿಗಡಿ, ಹೆಸರುಕಾಳಿನ ಉದ್ದ ಮೊಳಕೆ, ಬೆಳ್ಳುಳ್ಳಿಯ ವಾಸನೆಯ ಒಂದು ಬಗೆಯ ಹಸಿರು ಎಲೆ, ಮೊಟ್ಟೆ, ಒಣಮೆಣಸಿನಕಾಯಿ ಅರೆದ ಖಾರ, ಸೋಯಾ ಸಾಸ್, ಕೊನೆಯಲ್ಲಿ ಒಂದು ಹಿಡಿ ಚಿಪ್ಪುಜೀವಿ. ಹಳೆಯ ಕ್ರಮದಲ್ಲಿ ಇದನ್ನು ಹುರಿಯುವುದು ಹಂದಿಯ ಕೊಬ್ಬಿನಲ್ಲಿ. ಮುಸ್ಲಿಮರ ಅಂಗಡಿಗಳಲ್ಲಿ ಅಡುಗೆ ಎಣ್ಣೆಯಲ್ಲಿ.

ಇದು ಶ್ರೀಮಂತರ ಊಟವಾಗಿ ಹುಟ್ಟಿದ್ದಲ್ಲ. ಹಗಲೆಲ್ಲ ಮೀನುಗಾರಿಕೆ, ಚಿಪ್ಪು ಹೆಕ್ಕುವ ಕೆಲಸ ಮಾಡಿದವರು ಸಂಜೆಯ ಹೊತ್ತು ನಾಲ್ಕು ಕಾಸಿಗಾಗಿ ಇದನ್ನು ಮಾರುತ್ತಿದ್ದರು ಎಂದು ಅಲ್ಲಿಯವರು ಹೇಳುತ್ತಾರೆ. ಮೈಮುರಿದು ದುಡಿದವರಿಗೆ ಪಿಷ್ಟವೂ ಕೊಬ್ಬೂ ಕಡಿಮೆ ಹಣದಲ್ಲಿ ಸಿಗುವ ತಟ್ಟೆ ಇದು.

ಇಂದಿಗೂ ಇಂತಹ ಅಂಗಡಿಗೆ ದೊಡ್ಡ ಕಟ್ಟಡವೇನೂ ಬೇಡ. ಕಾಫಿ ಅಂಗಡಿಯ ಮಾಲೀಕ ಮೇಜು, ಕುರ್ಚಿ ಹಾಕಿ ಪಾನೀಯ ಮಾರುತ್ತಾನೆ. ಅವನಿಗೆ ಬಾಡಿಗೆ ಕೊಟ್ಟು ಮೂರೋ ನಾಲ್ಕೋ ಗಾಡಿಯವರು ಒಬ್ಬೊಬ್ಬರು ಒಂದೊಂದು ತಿನಿಸು ಮಾಡುತ್ತಾರೆ. ನೂಡಲ್ಸ್ ಗಾಡಿಯವನ ಆಸ್ತಿ ಎಂದರೆ ಒಂದು ಒಲೆ, ಒಂದು ಕಬ್ಬಿಣದ ಬಾಣಲೆ, ಒಂದು ಸಟ್ಟುಗ.

ಅಕ್ಕಿಯ ಪಟ್ಟಿಯ ಗುಣ

ನಮ್ಮ ಮಲೆನಾಡಿನ ಮನೆಗಳಲ್ಲಿ ಒತ್ತುಶ್ಯಾವಿಗೆ ಮಾಡುವುದನ್ನು ನೀವು ನೋಡಿರಬಹುದು. ಕ್ವೇ ಟಿಯಾವ್ ಅದರ ನೆಂಟನೇ. ಅಕ್ಕಿಯನ್ನು ನೆನೆಸಿ, ನುಣ್ಣಗೆ ಅರೆದು, ತೆಳುವಾದ ಹಾಳೆಯಾಗಿ ಹಬೆಯಲ್ಲಿ ಬೇಯಿಸುತ್ತಾರೆ. ಒತ್ತುವ ಬದಲು ಕತ್ತರಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಹಬೆಯಲ್ಲಿ ಬೇಯುವಾಗ ಅಕ್ಕಿಯ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಅಚ್ಚುಕಟ್ಟಾಗಿ ಜೋಡಣೆಗೊಂಡಿದ್ದ ಪಿಷ್ಟದ ಸರಪಳಿಗಳು ಸಡಿಲಗೊಂಡು ಮೆತ್ತಗಿನ ಜಾಲವಾಗುತ್ತವೆ. ತಣ್ಣಗಾದಂತೆ ಅವೇ ಸರಪಳಿಗಳು ಮತ್ತೆ ಹತ್ತಿರ ಬಂದು ಗಟ್ಟಿಯಾಗುತ್ತವೆ. ನಿನ್ನೆಯ ಅನ್ನ ಇಂದು ಬಿರುಸಾಗುವುದಕ್ಕೂ ಇದೇ ಕಾರಣ. ಆದ್ದರಿಂದ ಅಂದೇ ತಯಾರಾದ ಪಟ್ಟಿ ಬಾಣಲೆಯಲ್ಲಿ ಬಳುಕುತ್ತದೆ. ಶೀತಪೆಟ್ಟಿಗೆಯಲ್ಲಿ ಒಂದು ರಾತ್ರಿ ಕಳೆದ ಪಟ್ಟಿ ತುಂಡಾಗುತ್ತದೆ. ಅಕ್ಕಿಯಲ್ಲಿ ಗೋಧಿಯ ಅಂಟು ಪ್ರೋಟೀನು ಇಲ್ಲ. ಹಿಡಿದು ಎಳೆದರೆ ತಡೆಯುವ ಶಕ್ತಿ ಈ ಪಟ್ಟಿಗೆ ಕಡಿಮೆ. ಹೆಚ್ಚು ಹೊತ್ತು ಬಿಸಿಯಲ್ಲಿ ಬಿಟ್ಟು ಕೆದಕಿದರೆ ಅದು ಮುದ್ದೆಯಾಗಿಬಿಡುತ್ತದೆ.

ಅಂದರೆ ಅಡುಗೆಯವನ ಮುಂದಿರುವ ಸಮಸ್ಯೆ ಇಷ್ಟು: ಪಟ್ಟಿಯ ಮೇಲ್ಮೈ ಕಂದುಬಣ್ಣಕ್ಕೆ ತಿರುಗಿ ಘಮಘಮಿಸಬೇಕು, ಒಳಗಿನ ತಿರುಳು ಮಾತ್ರ ಕರಗಬಾರದು. ಅದಕ್ಕೆ ಶಾಖ ಬಹಳ ಬೇಕು. ಆ ಶಾಖದಲ್ಲಿರುವ ಹೊತ್ತು ಬಹಳ ಕಡಿಮೆಯಾಗಬೇಕು.

ಶಾಖದ ಲೆಕ್ಕ

ಈಗ ಪೆನ್ಸಿಲು ತೆಗೆದುಕೊಳ್ಳಿ. ಒಂದು ತಟ್ಟೆಗೆ ಎಲ್ಲ ಸಾಮಗ್ರಿ ಸೇರಿ ಸುಮಾರು 300 ಗ್ರಾಂ ಎಂದಿಟ್ಟುಕೊಳ್ಳೋಣ. ಅದರಲ್ಲಿ ಹೆಚ್ಚಿನ ಪಾಲು ನೀರೇ. 28 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಅದನ್ನು ಏರಿಸಲು, ಗ್ರಾಮಿಗೆ ಡಿಗ್ರಿಯೊಂದಕ್ಕೆ 3.3 ಜೂಲ್‌ನಂತೆ, ಸುಮಾರು 70 ಕಿಲೋಜೂಲ್ ಬೇಕು. ಮೇಲ್ಮೈ ಒಣಗಬೇಕಾದರೆ ಸ್ವಲ್ಪ ನೀರು ಆವಿಯಾಗಿ ಹೋಗಬೇಕು. 30 ಗ್ರಾಂ ನೀರು ಹೋಗಲಿ ಎನ್ನೋಣ. ಒಂದು ಗ್ರಾಂ ಕುದಿನೀರು ಆವಿಯಾಗಲು ಸುಮಾರು 2,260 ಜೂಲ್ ಬೇಕು. ಅದೇ ಒಂದು ಗ್ರಾಂ ನೀರನ್ನು 28ರಿಂದ 100 ಡಿಗ್ರಿಗೆ ಏರಿಸಲು ಬೇಕಾದದ್ದು 300 ಜೂಲ್ ಮಾತ್ರ. ಆವಿಯಾಗುವುದಕ್ಕೆ ತಗಲುವ ಈ ಗುಪ್ತೋಷ್ಣವೇ ಇಲ್ಲಿ ದೊಡ್ಡ ಖರ್ಚು. 30 ಗ್ರಾಮಿಗೆ ಅದು 68 ಕಿಲೋಜೂಲ್. ಒಟ್ಟು ಸುಮಾರು 140 ಕಿಲೋಜೂಲ್.

ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಸುಮಾರು 2 ಕಿಲೋವಾಟ್ ಶಕ್ತಿ ಕೊಡುತ್ತದೆ. ಅದರಲ್ಲಿ ಅರ್ಧ ಬಾಣಲೆಯೊಳಗಿನ ಪದಾರ್ಥಕ್ಕೆ ಮುಟ್ಟಿತು ಎಂದರೆ, ಸೆಕೆಂಡಿಗೆ 1 ಕಿಲೋಜೂಲ್. ಒಂದು ತಟ್ಟೆಗೆ 140 ಸೆಕೆಂಡು. ಪರವಾಗಿಲ್ಲ. ಆದರೆ ನಾಲ್ಕು ಜನರ ನೂಡಲ್ಸನ್ನು ಒಟ್ಟಿಗೆ ಹಾಕಿದಿರೋ, ಒಂಬತ್ತು ನಿಮಿಷಕ್ಕೂ ಮೇಲೆ. ಅಷ್ಟು ಹೊತ್ತೂ ಮೊಳಕೆಯಿಂದ, ಸಿಗಡಿಯಿಂದ ಬಿಟ್ಟ ನೀರು ಬಾಣಲೆಯ ತಳದಲ್ಲಿ ನಿಂತಿರುತ್ತದೆ. ನೀರು ನಿಂತಿರುವವರೆಗೆ ಅಲ್ಲಿರುವ ಪದಾರ್ಥದ ಉಷ್ಣತೆ 100 ಡಿಗ್ರಿಯನ್ನು ದಾಟುವುದಿಲ್ಲ. ಅದು ಹುರಿಯುವುದಲ್ಲ, ಬೇಯಿಸುವುದು.

ವ್ಯಾಪಾರದ ಒಲೆಗಳ ಶಕ್ತಿ 20 ಕಿಲೋವಾಟ್, ಅದಕ್ಕಿಂತ ಹೆಚ್ಚೂ ಇರುತ್ತದೆ. ಮೂರನೆಯ ಒಂದು ಪಾಲು ಮಾತ್ರ ಪದಾರ್ಥಕ್ಕೆ ಮುಟ್ಟಿದರೂ ಅದೇ 140 ಕಿಲೋಜೂಲ್ ಇಪ್ಪತ್ತು ಸೆಕೆಂಡು ಚಿಲ್ಲರೆಯಲ್ಲಿ ಸಿಕ್ಕಿಬಿಡುತ್ತದೆ. ಸಾಮಗ್ರಿಗಳನ್ನು ಒಂದಾದ ಮೇಲೊಂದು ಹಾಕಬೇಕಾದ್ದರಿಂದ ನಿಜವಾದ ಕೆಲಸಕ್ಕೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಆದರೂ ಅದು ನಿಮಿಷ, ಎರಡು ನಿಮಿಷದ ಮಾತು.

ಹಾಗಾದರೆ ದೊಡ್ಡ ಒಲೆಯ ಮೇಲೆ ಹತ್ತು ತಟ್ಟೆಯದನ್ನು ಹಾಕಬಹುದಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಇಲ್ಲಿ ಅಡ್ಡ ಬರುವುದು ಕ್ಷೇತ್ರಫಲ. ನೂಡಲ್ಸ್ ಹತ್ತುಪಟ್ಟಾದರೂ ಬಾಣಲೆಯ ಕೆಂಡದಂತಹ ತಳದ ವಿಸ್ತಾರ ಹತ್ತುಪಟ್ಟಾಗುವುದಿಲ್ಲ. ರಾಶಿ ಎತ್ತರವಾಗುತ್ತದೆ. ತಳದವು ಕರಕಲಾಗುತ್ತವೆ, ಮೇಲಿನವು ತಮ್ಮ ಸರದಿಗಾಗಿ ಹಬೆಯಲ್ಲಿ ಕಾಯುತ್ತ ಮೆತ್ತಗಾಗುತ್ತವೆ. ಬಿಸಿಬೇಳೆಭಾತಿಗೆ ಈ ತೊಂದರೆಯಿಲ್ಲ. ಅದು ನೀರಿನಲ್ಲಿಯೇ, 100 ಡಿಗ್ರಿಯಲ್ಲಿಯೇ ಆಗಬೇಕಾದ ಅಡುಗೆ. ಕೊಪ್ಪರಿಗೆ ಎಷ್ಟು ದೊಡ್ಡದಾದರೂ ಕುದಿಯುವ ಬಿಂದು ಬದಲಾಗುವುದಿಲ್ಲ. ಒಂದನ್ನು ಹಿಗ್ಗಿಸಬಹುದು, ಇನ್ನೊಂದನ್ನು ಹಿಗ್ಗಿಸಲಾಗದು.

ಬಾಣಲೆಯ ಉಸಿರು

ಚೀನೀಯರು ಈ ಅಡುಗೆಯ ಘಮಕ್ಕೆ ವಾಕ್ ಹೇ ಎನ್ನುತ್ತಾರೆ. ವಾಕ್ ಎಂದರೆ ಬಾಣಲೆ. ಹೇ ಎಂದರೆ ಉಸಿರು, ಪ್ರಾಣ. ಈ ಉಸಿರು ಒಂದೇ ಕಾರಣದಿಂದ ಬಂದುದಲ್ಲ.

ಮೊದಲನೆಯದು, ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ. ಅಮೈನೋ ಆಮ್ಲಗಳೂ ಕೆಲವು ಸಕ್ಕರೆಗಳೂ ಬಿಸಿಯಲ್ಲಿ ಕೂಡಿ ನೂರಾರು ಪರಿಮಳದ ವಸ್ತುಗಳನ್ನೂ ಕಂದುಬಣ್ಣವನ್ನೂ ಹುಟ್ಟಿಸುತ್ತವೆ. ದೋಸೆಯ ಹೊಂಬಣ್ಣ, ಹುರಿದ ಕಾಫಿಬೀಜದ ವಾಸನೆ ಎಲ್ಲವೂ ಈ ಕುಟುಂಬಕ್ಕೆ ಸೇರಿದವು. ಸುಮಾರು 140 ಡಿಗ್ರಿಯ ಮೇಲೆ ಇದು ಚುರುಕಾಗುತ್ತದೆ. ಹುದುಗಿಸಿದ ಸೋಯಾ ಸಾಸ್‌ನಲ್ಲಿ ಅಮೈನೋ ಆಮ್ಲವೂ ಸಕ್ಕರೆಯೂ ಸಿದ್ಧವಾಗಿಯೇ ಇರುತ್ತವೆ. ಕಾದ ಕಬ್ಬಿಣಕ್ಕೆ ಅದು ತಾಗಿದ ಕ್ಷಣ ಬೀದಿಯ ಆ ತುದಿಯವರೆಗೆ ವಾಸನೆ ಹರಡುತ್ತದೆ.

ಎರಡನೆಯದು, ಕೊಬ್ಬು. ಹಂದಿಯ ಕೊಬ್ಬು ಸುಮಾರು 190 ಡಿಗ್ರಿಯಲ್ಲಿ ಹೊಗೆಯಾಡತೊಡಗುತ್ತದೆ. ಮೇಲಕ್ಕೆ ಹಾರಿದ ಸಣ್ಣ ಹನಿಗಳು ಬಾಣಲೆಯ ಅಂಚಿನಲ್ಲಿ ಜ್ವಾಲೆಗೆ ಸಿಕ್ಕಿ ಉರಿದು, ಹೊಗೆಯ ರುಚಿಯನ್ನು ತಟ್ಟೆಗೆ ಇಳಿಸುತ್ತವೆ.

ಮೂರನೆಯದು, ಬಾಣಲೆಯೇ. ನಮ್ಮ ತಾಯಂದಿರು ಹೊಸ ದೋಸೆ ಕಾವಲಿಯನ್ನು ಎಣ್ಣೆ ಹಚ್ಚಿ ಕಾಯಿಸಿ ಪಳಗಿಸುತ್ತಾರಲ್ಲವೇ? ಬಿಸಿಯಲ್ಲಿ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಕಪ್ಪು ಪದರವಾಗುತ್ತವೆ. ಹಳೆಯ ಗಾಡಿಯ ಬಾಣಲೆಗೆ ವರ್ಷಗಳ ಪದರವಿರುತ್ತದೆ. ಅಂಟುವ ಸ್ವಭಾವದ ಅಕ್ಕಿ ಪಟ್ಟಿ ಅದರ ಮೇಲೆ ಜಾರುತ್ತದೆ.

ಇದ್ದಿಲ ಒಲೆಯನ್ನು ಇಂದಿಗೂ ಬಿಡದ ಅಂಗಡಿಗಳು ಪೆನಾಂಗಿನಲ್ಲಿವೆ. ಜಾರ್ಜ್ ಟೌನಿನ ಸಿಯಾಮ್ ರಸ್ತೆಯ ಇದ್ದಿಲ ನೂಡಲ್ಸ್ ಅವುಗಳಲ್ಲಿ ಪ್ರಸಿದ್ಧ. ಕೆಂಡಕ್ಕೆ ಗ್ಯಾಸಿನಂತೆ ತಿರುಗಿಸುವ ಗುಂಡಿ ಇಲ್ಲ. ಗಾಳಿ ಹೆಚ್ಚು ಕೊಟ್ಟರೆ ಶಾಖ ಹೆಚ್ಚು, ಕಡಿಮೆ ಕೊಟ್ಟರೆ ಕಡಿಮೆ. ಕೆಂಡದ ಬಣ್ಣವನ್ನೂ ಬಾಣಲೆಯ ಸದ್ದನ್ನೂ ನೋಡಿ ಕೇಳಿಯೇ ಅಡುಗೆಯವನು ಮುಂದಿನ ಕೆಲಸ ನಿರ್ಧರಿಸಬೇಕು. ಪಟ್ಟಿ ಒಣಗಿದಂತೆ ಕಂಡರೆ ಒಂದು ಚಿಮುಕು ನೀರು. ಅದು ತಕ್ಷಣ ಹಬೆಯಾಗಿ ಪಟ್ಟಿಯನ್ನು ಮೆದುಗೊಳಿಸುತ್ತದೆ. ತುಸು ಹೆಚ್ಚಾದರೆ ಉಷ್ಣತೆ ಕುಸಿದು, ಮಾಡಿದ್ದೆಲ್ಲ ವ್ಯರ್ಥ.

ಕೈಯ ವೇಗ

ಇಷ್ಟು ಶಾಖದಲ್ಲಿ ಪಟ್ಟಿ ಸುಡದಿರಬೇಕಾದರೆ ಅದು ಒಂದೆಡೆ ನಿಲ್ಲಬಾರದು. ಬಾಣಲೆಯ ಆಟವನ್ನು ವಿಜ್ಞಾನಿಗಳೂ ಅಳೆದಿದ್ದಾರೆ. ಹಂಗ್‌ಟಾಂಗ್ ಕೋ ಮತ್ತು ಡೇವಿಡ್ ಹು ಎಂಬಿಬ್ಬರು ತೈವಾನ್ ಮತ್ತು ಚೀನಾದ ವೃತ್ತಿನಿರತ ಅಡುಗೆಯವರು ಅನ್ನ ಹುರಿಯುವುದನ್ನು ಚಿತ್ರೀಕರಿಸಿ, 2020ರಲ್ಲಿ ಅದರ ಗಣಿತವನ್ನು ಪ್ರಕಟಿಸಿದರು. ಬಾಣಲೆ ಒಲೆಯ ಅಂಚನ್ನು ಬಿಟ್ಟು ಏಳುವುದಿಲ್ಲ. ಅದು ಹಿಂದೆಮುಂದೆ ಜಾರುತ್ತದೆ, ಜೊತೆಗೇ ಏತದಂತೆ ಮೇಲೆಕೆಳಗೆ ತೂಗುತ್ತದೆ. ಈ ಎರಡು ಚಲನೆಗಳು ತಕ್ಕ ಹೊಂದಾಣಿಕೆಯಲ್ಲಿ ಸೇರಿದಾಗ ಅನ್ನ ಗಾಳಿಗೆ ಹಾರಿ, ಕ್ಷಣ ತಣಿದು, ಮಗುಚಿ ಬೀಳುತ್ತದೆ. ಒಂದು ಆವರ್ತಕ್ಕೆ ಹಿಡಿಯುವ ಕಾಲ ಸುಮಾರು ಒಂದು ಸೆಕೆಂಡಿನ ಮೂರನೆಯ ಒಂದು ಭಾಗ.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ದೂರದರ್ಶನದ ಚಿತ್ರದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಿರುತ್ತವೆ. ಅಂದರೆ ಈ ಇಡೀ ಚಲನೆ ಎಂಟು ಚೌಕಟ್ಟುಗಳಲ್ಲಿ ಮುಗಿದುಹೋಗುತ್ತದೆ. ಸಂಕಲನದ ಮೇಜಿನ ಮೇಲೆ ಒಂದೊಂದೇ ಚೌಕಟ್ಟು ಸರಿಸಿ ನೋಡದ ಹೊರತು ಕಣ್ಣಿಗೆ ಅದು ಒಂದು ಮಿಂಚಷ್ಟೇ.

ಪೆನಾಂಗಿನ ನೂಡಲ್ಸ್ ಅಡುಗೆಯವರಲ್ಲಿ ಅನೇಕರು ಬಾಣಲೆ ಎಸೆಯುವುದಕ್ಕಿಂತ ಸಟ್ಟುಗದಿಂದ ತಳ ಕೆರೆದು ಮಗುಚುವುದನ್ನೇ ನೆಚ್ಚಿಕೊಂಡಿದ್ದಾರೆ. ವಿಧಾನ ಬೇರೆ, ತತ್ತ್ವ ಒಂದೇ: ಪ್ರತಿ ಪಟ್ಟಿಯೂ ಕಾದ ತಳವನ್ನು ಮುಟ್ಟಬೇಕು, ಯಾವುದೂ ಅಲ್ಲಿ ನೆಲೆಸಬಾರದು. ಇದಕ್ಕೆ ದೇಹ ತೆರುವ ಬೆಲೆಯೂ ಇದೆ. ಮೇಲೆ ಹೇಳಿದ ಸಂಶೋಧಕರು ಈ ವಿಷಯವನ್ನು ಕೈಗೆತ್ತಿಕೊಳ್ಳಲು ಒಂದು ಕಾರಣವೇ ಚೀನೀ ಅಡುಗೆಯವರನ್ನು ಬಹುವಾಗಿ ಕಾಡುವ ಭುಜದ ನೋವು.

ಕೊನೆಯ ಕೆಲವು ಸೆಕೆಂಡು

ಚಿಪ್ಪುಜೀವಿಯನ್ನು ಕೊನೆಗೆ ಹಾಕುತ್ತಾರೆ ಎಂದೆವಷ್ಟೆ. ನಮ್ಮ ಕರಾವಳಿಯ ಮರುವಾಯಿಯ ದೂರದ ಸಂಬಂಧಿ ಅದು. ಅದರ ದೇಹದಲ್ಲಿ ನಮ್ಮ ರಕ್ತದಲ್ಲಿರುವಂತೆ ಹೀಮೋಗ್ಲೋಬಿನ್ ಇರುವುದರಿಂದ ಒಳಗೆ ಕೆಂಪಾಗಿರುತ್ತದೆ. ಹೆಚ್ಚು ಹುರಿದರೆ ರಬ್ಬರಿನಂತಾಗುವುದೆಂದು ಅರೆಬೆಂದದ್ದನ್ನೇ ಇಷ್ಟಪಡುವವರು ಬಹಳ. ಇಲ್ಲಿ ರುಚಿಗೂ ಆರೋಗ್ಯಕ್ಕೂ ಜಗಳವಿದೆ. ಚಿಪ್ಪುಜೀವಿಗಳು ನೀರನ್ನು ಸೋಸಿ ಆಹಾರ ಪಡೆಯುತ್ತವೆ. ನೀರಿನಲ್ಲಿ ಕೊಳಚೆಯಿದ್ದರೆ ರೋಗಾಣುವೂ ಅವುಗಳಲ್ಲಿ ಸೇರಿಕೊಳ್ಳುತ್ತದೆ. 1988ರಲ್ಲಿ ಚೀನಾದ ಶಾಂಘೈಯಲ್ಲಿ ಇದೇ ಬಗೆಯ ಚಿಪ್ಪುಜೀವಿಯನ್ನು ಸರಿಯಾಗಿ ಬೇಯಿಸದೆ ತಿಂದು ಸುಮಾರು 3 ಲಕ್ಷ ಜನರಿಗೆ ಹೆಪಟೈಟಿಸ್ 'ಎ' ಕಾಮಾಲೆ ತಗಲಿತು. ಈಗ ಎಷ್ಟೋ ಗಿರಾಕಿಗಳು ಅದನ್ನು ಬೇಡವೆನ್ನುತ್ತಾರೆ.

ಬೀದಿಯ ಅಡುಗೆಯ ಶುಚಿತ್ವದ ಪ್ರಶ್ನೆಯನ್ನು ನೆರೆಯ ಸಿಂಗಪುರ ಬೇರೆಯೇ ರೀತಿಯಲ್ಲಿ ಎದುರಿಸಿತು. ಅಲ್ಲಿಯೂ ಇದೇ ನೂಡಲ್ಸ್ ಮನೆಮಾತು. ಅಲ್ಲಿ ಗೋಧಿಯ ಹಳದಿ ನೂಡಲ್ಸನ್ನೂ ಬೆರೆಸಿ, ಸಿಹಿ ಸಾಸ್ ಹಾಕಿ ಕಪ್ಪಗೆ ಮಾಡುತ್ತಾರೆ. 1968-69ರಲ್ಲಿ ಅಲ್ಲಿಯ ಸರ್ಕಾರ ಸುಮಾರು 18,000 ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿತು. 1971ರಿಂದ 1986ರವರೆಗೆ ನಲ್ಲಿ ನೀರು, ಚರಂಡಿ, ವಿದ್ಯುತ್ ಇರುವ ಆಹಾರ ಕೇಂದ್ರಗಳನ್ನು ಕಟ್ಟಿಸಿ ಅವರನ್ನು ಅಲ್ಲಿಗೆ ಸ್ಥಳಾಂತರಿಸಿತು. ಬೀದಿಯ ಅಡುಗೆಯನ್ನು ಅಳಿಸದೆ ಅದಕ್ಕೊಂದು ಸೂರು ಕೊಟ್ಟ ಕ್ರಮವಿದು. 2020ರ ಡಿಸೆಂಬರ್‌ನಲ್ಲಿ ಸಿಂಗಪುರದ ಈ ಬೀದಿ ಅಡುಗೆಯ ಸಂಸ್ಕೃತಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಒಲೆಯ ಮುಂದೆ ನಾಳೆ ಯಾರು?

ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಒಲೆ ಉರಿಯುವುದಿಲ್ಲ. ಸಿಂಗಪುರದ ಈ ವ್ಯಾಪಾರಿಗಳ ಮಧ್ಯಕ ವಯಸ್ಸು 2020ರ ಸುಮಾರಿಗೆ 60ರ ಹತ್ತಿರವಿತ್ತು. ಎಂದರೆ ಅರ್ಧದಷ್ಟು ಜನ ಆ ವಯಸ್ಸನ್ನು ದಾಟಿದವರು. ಪೆನಾಂಗಿನಲ್ಲಿ ವ್ಯಾಪಾರಿಗಳು ಹೊರದೇಶದ ಕೆಲಸಗಾರರನ್ನು ಒಲೆಯ ಮುಂದೆ ನಿಲ್ಲಿಸತೊಡಗಿದಾಗ ಸ್ಥಳೀಯ ರುಚಿ ಕೆಡುವುದೆಂಬ ಕೂಗೆದ್ದಿತು. ಬೀದಿ ಅಂಗಡಿಗಳಲ್ಲಿ ವಿದೇಶೀಯರು ಇಂತಹ ಹೆಸರಾಂತ ತಿನಿಸುಗಳ ಅಡುಗೆ ಮಾಡಬಾರದೆಂಬ ನಿಯಮವನ್ನು ಅಲ್ಲಿಯ ರಾಜ್ಯ ಸರ್ಕಾರ 2014ರಲ್ಲಿ ಪ್ರಕಟಿಸಿ 2016ರಿಂದ ಜಾರಿಗೆ ತಂದಿತು. ನಿಯಮ ಒಬ್ಬರನ್ನು ಒಲೆಯಿಂದ ದೂರವಿಡಬಲ್ಲದು. ಇನ್ನೊಬ್ಬರನ್ನು ಒಲೆಯ ಮುಂದೆ ತಂದು ನಿಲ್ಲಿಸಲಾರದು. ಅಷ್ಟಕ್ಕೂ ಈ ತಿನಿಸು ಅಲ್ಲಿಗೆ ಬಂದದ್ದೇ ಹೊರದೇಶದ ಕೂಲಿಕಾರರ ಜೊತೆಯಲ್ಲಿ.

ಸ್ವಂತ ಮಕ್ಕಳೇ ಏಕೆ ಮುಂದೆ ಬರುತ್ತಿಲ್ಲ? ಮತ್ತೆ ಲೆಕ್ಕಕ್ಕೆ ಬನ್ನಿ. ಒಂದು ತಟ್ಟೆಗೆ ಎರಡು ನಿಮಿಷ ಎಂದರೆ ಗಂಟೆಗೆ 30 ತಟ್ಟೆ, ಐದು ಗಂಟೆಗೆ 150. ಎಷ್ಟು ಜನ ಸಾಲುನಿಂತರೂ, ಎಷ್ಟು ಹೆಸರು ಬಂದರೂ ಇದರ ಮೇಲೆ ಹೋಗಲಾಗದು. ಮೇಲ್ಮೈಯ ವಿಸ್ತಾರ, ನೀರಿನ ಗುಪ್ತೋಷ್ಣ, ಮನುಷ್ಯನ ಭುಜ ಈ ಮೂರೂ ಸೇರಿ ಗೆರೆ ಎಳೆದಿವೆ. ಸಿಗಡಿಯ ಬೆಲೆ ಏರುತ್ತದೆ, ಬಾಡಿಗೆ ಏರುತ್ತದೆ. ಆದರೆ ಇದು ಬಡವರ ಊಟ, ಅಗ್ಗವಾಗಿಯೇ ಇರಬೇಕೆಂದು ಗಿರಾಕಿ ಬಯಸುತ್ತಾನೆ. ಕೆಲವು ಅಂಗಡಿಗಳು ನಾಲ್ಕೈದು ತಟ್ಟೆಯದನ್ನು ಒಟ್ಟಿಗೆ ಹುರಿಯುವ ದಾರಿ ಹಿಡಿದಿವೆ. ತಿರುಗುವ ಉರುಳೆಯಲ್ಲಿ ಹುರಿಯುವ ಯಂತ್ರಗಳೂ ಬಂದಿವೆ. ಯಂತ್ರ ದಣಿಯುವುದಿಲ್ಲ, ಅದು ದೊಡ್ಡ ಉಪಕಾರವೇ. ಆದರೆ ಇಂದಿನ ಪಟ್ಟಿ ನಿನ್ನೆಯದಕ್ಕಿಂತ ಒದ್ದೆಯಾಗಿದೆ, ಒಂದು ಚಿಮುಕು ನೀರು ಕಡಿಮೆ ಹಾಕಬೇಕು ಎಂಬ ತೀರ್ಮಾನ ಬೆರಳಿಗೆ ತಾಗಿ ಹುಟ್ಟುವಂಥದು. ಅದನ್ನು ಯಾರೂ ಬರೆದಿಟ್ಟಿಲ್ಲ. ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ವರ್ಷಗಟ್ಟಲೆ ನಿಂತು ಕಲಿತದ್ದು. ಪಕ್ಕದಲ್ಲಿ ನಿಲ್ಲುವವರಿಲ್ಲದಿದ್ದರೆ ಆ ಜ್ಞಾನ ಅಡುಗೆಯವನ ಜೊತೆಗೇ ಹೋಗುತ್ತದೆ.

ಈ ಕಥೆಗೆ ನಮ್ಮ ನಾಡಿನ ಒಂದು ಎಳೆಯೂ ಇದೆ. ಪ್ಲಾಸ್ಟಿಕ್ ಬರುವ ಮುಂಚೆ ಸಿಂಗಪುರದಲ್ಲಿ ಹುರಿದ ನೂಡಲ್ಸನ್ನು ಕಟ್ಟಿಕೊಡುತ್ತಿದ್ದದ್ದು ಅಡಿಕೆ ಹಾಳೆಯಲ್ಲಿ. ಬಿಸಿ ತಾಗಿದಾಗ ಹಾಳೆಯ ನವಿರು ವಾಸನೆ ನೂಡಲ್ಸಿಗೆ ಇಳಿಯುತ್ತದೆ. ಈಗಲೂ ಕೆಲವರು ಆ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ. ನಮ್ಮ ಮಲೆನಾಡು, ಕರಾವಳಿಯ ತೋಟಗಳಲ್ಲಿ ಉದುರುವ ಹಾಳೆಯಿಂದ ಇಂದು ಊಟದ ತಟ್ಟೆಗಳು ತಯಾರಾಗುತ್ತಿರುವುದು ನಿಮಗೆ ಗೊತ್ತೇ ಇದೆ.

ವಿದ್ಯಾರ್ಥಿಗಳೇ, ಪೆನಾಂಗಿಗೆ ಹೋಗುವ ಅವಕಾಶ ಎಲ್ಲರಿಗೂ ಸಿಗಲಾರದು. ಆದರೆ ಕಾವಲಿಯ ಮುಂದೆ, ಬಾಣಲೆಯ ಮುಂದೆ ನಿಂತು ದುಡಿಯುವವರು ನಿಮ್ಮ ಬೀದಿಯಲ್ಲೂ ಇದ್ದಾರೆ. ಒಂದು ಸಂಜೆ ಗಡಿಯಾರ, ನೋಟು ಪುಸ್ತಕ ಹಿಡಿದು ಹೋಗಿ, ಅವರ ಅನುಮತಿ ಪಡೆದು ನೋಡಿ. ಒಂದು ದೋಸೆಗೆ ಎಷ್ಟು ಸೆಕೆಂಡು? ಕಾವಲಿ ಕಾದಿದೆಯೆಂದು ಅವರಿಗೆ ತಿಳಿಯುವುದು ಹೇಗೆ? ಚಿಮುಕಿಸಿದ ನೀರು ಚುರ್ರೆಂದು ಆರುತ್ತದೋ, ಗೋಲಿಯಾಗಿ ಉರುಳುತ್ತದೋ? ಗಂಟೆಗೆ ಎಷ್ಟು ತಟ್ಟೆ? ಎಲ್ಲವನ್ನೂ ಬರೆದುಕೊಳ್ಳಿ. ಕೊನೆಗೆ ಇನ್ನೆರಡು ಪ್ರಶ್ನೆ ಕೇಳಿ: ನಿಮಗೆ ಇದನ್ನು ಕಲಿಸಿದವರು ಯಾರು? ನಿಮ್ಮಿಂದ ಕಲಿಯುತ್ತಿರುವವರು ಯಾರು? ಎರಡನೆಯ ಪ್ರಶ್ನೆಗೆ ಅವರು ಸುಮ್ಮನಾದರೆ, ನಿಮ್ಮ ಆ ನೋಟು ಪುಸ್ತಕವನ್ನು ಜೋಪಾನವಾಗಿಡಿ.